ಸಾಲಗಾರ್ತಿ ಕಳ್ಳಿಯಲ್ಲ

ಸಾವಿಲ್ಲದ ಮನೆಯ ಸಾಸಿವೆ ತರಲು ಹೊರಟ ಕಿಸಾಗೌತಮಿಯನ್ನು, ಸಾಲವಿಲ್ಲದ ಮನೆಯ ಸಾಸಿವೆ ತಾ ಎಂದು ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಬೀದಿಗೆ ಕಳಿಸಿದ್ದರೂ ಆಕೆ ಬರಿಗೈಯಲ್ಲೇ ಹಿಂತಿರುಗುತ್ತಿದ್ದಳು. ಗೂಡು ಮಾರುಕಟ್ಟೆಯಲ್ಲಿ ಹರಾಜು ಕೂಗಿ ರೇಷ್ಮೆಗೂಡು ಕೊಂಡ ರೀಲರು ಆ ದಿನವೇ ಹಣ ಕಟ್ಟಬೇಕು. ನೂಲು ಬಿಚ್ಚಿ, ಮಾರಿ, ಕಾಸು ಕೈಗೆ ಬರುವುದು ಆಮೇಲೆ. ನಡುವಿನ ಆ ದಿನಗಳನ್ನು ದಾಟಿಸುವುದು ಸಾಲ. ಚನ್ನಪಟ್ಟಣದಲ್ಲಿ ಆಲೆ ಮರ ತಂದು ಒಣಗಿಸಿ, ಅರಗಿನ ಬಣ್ಣ ಹಾಕಿ ಬೊಂಬೆ ಮಾಡುವವನಿಗೂ ಅದೇ ಪಾಡು. ಮಾಗಡಿಯ ರೈತನ ಕೊಳವೆಬಾವಿಗೆ ಸಾಲ, ಕನಕಪುರದ ಹಿಪ್ಪುನೇರಳೆ ತೋಟಕ್ಕೆ ಸಾಲ, ಮಗಳ ಮದುವೆಗೆ ಸಾಲ, ಅತ್ತೆಯ ಆಪರೇಷನ್ನಿಗೆ ಸಾಲ. ಇದು ನಮ್ಮ ಸೀಮೆಯ ಗುಟ್ಟೇನಲ್ಲ.

ಆದರೂ ನಾವು ಹೆಂಗಸರು ಸಾಲದ ಮಾತನ್ನು ಪಿಸುದನಿಯಲ್ಲೇ ಆಡುತ್ತೇವೆ. ಕಾಯಿಲೆಯ ಬಗ್ಗೆ ಜಗಲಿಯ ಮೇಲೆ ಕೂತು ಮಾತಾಡುವವರು, ಸಾಲದ ಬಗ್ಗೆ ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಮಾತಾಡುತ್ತೇವೆ. ಯಾಕೆಂದರೆ ಸಾಲ ತೀರಿಸದವರು ನಂಬಿಕೆಗೆ ಅರ್ಹರಲ್ಲ ಎಂಬ ಮಾತು ನಮ್ಮ ನೆತ್ತಿಯ ಮೇಲೆ ತೂಗುತ್ತಲೇ ಇದೆ. ಹಿಂದೆ ಅದು ಊರಿನ ಬಾಯಿಮಾತಾಗಿತ್ತು. ಈಗ ಅದಕ್ಕೊಂದು ಅಂಕಿ ಸಿಕ್ಕಿದೆ. 300ರಿಂದ 900ರವರೆಗಿನ ಒಂದು ಅಂಕಿ. ಆ ಅಂಕಿ ಸಾಲ ಸಿಗುತ್ತದೋ ಇಲ್ಲವೋ ಎಂದು ಹೇಳುವಷ್ಟಕ್ಕೆ ನಿಂತಿದ್ದರೆ ನನ್ನ ತಕರಾರು ಇರುತ್ತಿರಲಿಲ್ಲ. ಕೊಡುವವನು ವಿಚಾರಿಸಿಯೇ ಕೊಡಲಿ. ಆದರೆ ಅದರ ಹಿಂದಿರುವ ದಾಖಲೆ ಈಗ ಕೆಲಸ ಕೊಡುವವರ ಮೇಜಿನ ಮೇಲೂ ಬಂದು ಕೂತಿದೆ. ಇವಳು ನಂಬಿಕಸ್ಥಳೋ ಅಲ್ಲವೋ ಎಂದು ಹೇಳುವ ಅಧಿಕಾರವನ್ನು ಅದಕ್ಕೆ ಕೊಡಲಾಗುತ್ತಿದೆ. ಜಗಳ ಇರುವುದು ಅಲ್ಲಿ.

ಭಾರತೀಯ ಸ್ಟೇಟ್ ಬ್ಯಾಂಕಿನ ನೇಮಕಾತಿ ಜಾಹೀರಾತನ್ನು ಮಕ್ಕಳಿಗಾಗಿ ಓದಿದವರು ಗಮನಿಸಿರಬಹುದು. ಸಾಲ ಅಥವಾ ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿಕೊಂಡ ದಾಖಲೆ ಇದ್ದವರು, ಸಿಬಿಲ್‌ನಂಥ ಸಂಸ್ಥೆಗಳಲ್ಲಿ ಪ್ರತಿಕೂಲ ವರದಿ ಇರುವವರು ನೇಮಕಕ್ಕೆ ಅರ್ಹರಲ್ಲ ಎಂಬ ಸಾಲು ಅದರಲ್ಲಿ ಬರುತ್ತದೆ. ತಮಿಳುನಾಡಿನ ಅಭ್ಯರ್ಥಿಯೊಬ್ಬರು ಪರೀಕ್ಷೆ, ಸಂದರ್ಶನ ಎಲ್ಲ ಗೆದ್ದು 2021ರಲ್ಲಿ ನೇಮಕ ಪತ್ರವನ್ನೂ ಪಡೆದರು. ಹಳೆಯ ಸಾಲಗಳ ದಾಖಲೆ ಸಿಕ್ಕಿತೆಂದು ಬ್ಯಾಂಕು ಆ ಪತ್ರವನ್ನು ರದ್ದು ಮಾಡಿತು. ಸಾಲವನ್ನೆಲ್ಲ ತೀರಿಸಿದ್ದೇನೆ ಎಂಬುದು ಅವರ ವಾದ. ಮದ್ರಾಸ್ ಹೈಕೋರ್ಟು 2025ರ ಜೂನ್ ತಿಂಗಳಲ್ಲಿ ಬ್ಯಾಂಕಿನ ಕ್ರಮವನ್ನೇ ಎತ್ತಿಹಿಡಿಯಿತು. ಸಾರ್ವಜನಿಕರ ಹಣವನ್ನು ಮುಟ್ಟುವ ಕೈಗೆ ತನ್ನ ಹಣದ ವಿಷಯದಲ್ಲೂ ಶಿಸ್ತಿರಬೇಕು ಎಂಬುದು ಅದರ ತಿರುಳು.

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪರರ ಹಣವನ್ನೋ ದೇಶದ ಗುಟ್ಟನ್ನೋ ಕಾಯುವ ಕೆಲಸಕ್ಕೆ ಸಾಲದಲ್ಲಿ ಮುಳುಗಿದವರನ್ನು ಕೂರಿಸಿದರೆ, ಆಮಿಷ ಒಡ್ಡುವವನಿಗೆ ಬಾಗಿಲು ತೆರೆದಂತೆ ಆಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಅಮೆರಿಕದಲ್ಲಿ ರಕ್ಷಣಾ ರಹಸ್ಯಗಳನ್ನು ನೋಡಬೇಕಾದ ನೌಕರರಿಗೆ ಸೆಕ್ಯುರಿಟಿ ಕ್ಲಿಯರೆನ್ಸ್ ಎಂಬ ಭದ್ರತಾ ಅನುಮತಿ ಬೇಕು. ಅದಕ್ಕಾಗಿ ಪರಿಶೀಲಿಸುವ 13 ವಿಷಯಗಳಲ್ಲಿ ಹಣಕಾಸಿನ ಸ್ಥಿತಿಯೂ ಒಂದು. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಇಂಥ ಕೆಲಸಕ್ಕೆ ಸೇರಬೇಕಾದರೆ ತೀರಿಸದ ಸಾಲಗಳ ಲೆಕ್ಕ ಒಪ್ಪಿಸಲೇಬೇಕು.

ಈ ಭಯಕ್ಕೆ ಎಲ್ಲರೂ ಕೊಡುವ ಉದಾಹರಣೆ ಆಲ್ಡ್ರಿಚ್ ಏಮ್ಸ್. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಈ ಅಧಿಕಾರಿ, ವಿಚ್ಛೇದನದ ಖರ್ಚು, ಸಾಲ ಎಲ್ಲ ಸೇರಿ ಕುತ್ತಿಗೆಗೆ ಬಂದಾಗ 1985ರಲ್ಲಿ ತಾನಾಗಿಯೇ ಸೋವಿಯತ್ ರಾಯಭಾರ ಕಚೇರಿಗೆ ನಡೆದು ಹೋಗಿ 50,000 ಡಾಲರಿಗೆ ಗುಟ್ಟು ಮಾರಿದ. ಸಿಕ್ಕಿಬಿದ್ದದ್ದು 1994ರಲ್ಲಿ. ನೋಡಿದಿರಾ, ಸಾಲಗಾರನನ್ನು ನಂಬಿದರೆ ಹೀಗೇ ಎಂದು ಹೇಳುವವರು ಕಥೆಯನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಉಳಿದರ್ಧ ಏನೆಂದರೆ, ಆ ಮನುಷ್ಯ 9 ವರ್ಷ ಸಾಲಗಾರನಾಗಿ ಬದುಕಲಿಲ್ಲ, ಶ್ರೀಮಂತನಾಗಿ ಬದುಕಿದ. 1989ರಲ್ಲಿ 5,40,000 ಡಾಲರಿನ ಮನೆಯನ್ನು ಸಾಲವಿಲ್ಲದೆ ನಗದು ಕೊಟ್ಟು ಕೊಂಡ. ಸಂಬಳಕ್ಕೆ ಮೀರಿದ ಜಾಗ್ವಾರ್ ಕಾರಿನಲ್ಲಿ ಕಚೇರಿಗೆ ಬಂದ. ಸುಳ್ಳು ಪತ್ತೆಯ ಪರೀಕ್ಷೆಯನ್ನು ಎರಡು ಸಲ ದಾಟಿದ. ಅವನ ಮೇಲೆ ಸಂಶಯ ಗಟ್ಟಿಯಾಗಲು ವರ್ಷಗಳೇ ಹಿಡಿದವು. ಸಾಲ ಇದ್ದದ್ದಕ್ಕಿಂತ ದೊಡ್ಡ ಸುಳಿವು, ಆ ಸಾಲ ಮಾಯವಾದದ್ದು!

ಕರಾಳ ಕೆಲಸದಲ್ಲಿ ದುಡ್ಡು ಮಾಡಿದವನ ದಾಖಲೆ ಹೊಳೆಯುತ್ತಿರುತ್ತದೆ. ಲಂಚ ತಿಂದ ಅಧಿಕಾರಿಯ ಸಿಬಿಲ್ ಅಂಕಿ ಬಿದ್ದದ್ದನ್ನು ಯಾರಾದರೂ ಕೇಳಿದ್ದೀರಾ? ಅವನು ಕಂತು ತಪ್ಪಿಸುವುದೇ ಇಲ್ಲ. ತಪ್ಪಿಸುವ ಅಗತ್ಯ ಅವನಿಗೇನಿದೆ?

ನನಗೆ ಸೋಜಿಗವೆನಿಸುವುದು ಇನ್ನೊಂದು ಸಂಗತಿ. ದೇಶದ ರಹಸ್ಯ ಕಾಯುವ ಅಮೆರಿಕದ ಭದ್ರತಾ ನಿಯಮ ನಮ್ಮ ಬ್ಯಾಂಕಿನ ಜಾಹೀರಾತಿಗಿಂತ ಹೆಚ್ಚು ಮನುಷ್ಯತ್ವದ್ದು. 2017ರಿಂದ ಅಲ್ಲಿ ಜಾರಿಯಲ್ಲಿರುವ ಮಾರ್ಗಸೂಚಿಯಲ್ಲಿ ಇಷ್ಟು ಅಂಕಿಗಿಂತ ಕೆಳಗಿದ್ದರೆ ಅನರ್ಹ ಎಂಬ ಗೆರೆ ಇಲ್ಲ. ಸಾಲ ಯಾಕಾಯಿತು ಎಂದು ಅದು ಕೇಳುತ್ತದೆ. ಕೆಲಸ ಹೋಯಿತೇ, ವ್ಯಾಪಾರ ಕುಸಿಯಿತೇ, ಕಾಯಿಲೆ ಬಂತೇ, ಮನೆಯಲ್ಲಿ ಸಾವಾಯಿತೇ, ಗಂಡಹೆಂಡಿರು ಬೇರೆಯಾದರೇ, ಸುಲಿಗೆಯ ಲೇವಾದೇವಿಗೆ ಸಿಕ್ಕಿಬಿದ್ದರೇ ಎಂದು ಒಂದೊಂದಾಗಿ ವಿಚಾರಿಸುತ್ತದೆ. ಆಮೇಲೆ, ಸಾಲ ತೀರಿಸಲು ಪ್ರಾಮಾಣಿಕವಾಗಿ ಏನು ಮಾಡಿದಿರಿ ಎಂದು ಕೇಳುತ್ತದೆ. ಲೆಕ್ಕಕ್ಕೆ ಸಿಗದ ಸಿರಿತನವನ್ನೂ ಅನುಮಾನದ ಪಟ್ಟಿಯಲ್ಲೇ ಇಡುತ್ತದೆ.

ಅಷ್ಟು ದೂರ ಹೋಗುವುದೂ ಬೇಡ. ನಮ್ಮದೇ ಕೇಂದ್ರ ಸರ್ಕಾರದ ನೌಕರರ 1964ರ ನಡತೆ ನಿಯಮಗಳಲ್ಲಿ 17ನೆಯದು ಸಾಲದ ಬಗ್ಗೆಯೇ ಇದೆ. ನೌಕರ ಸದಾ ಸಾಲದಲ್ಲಿ ಮುಳುಗಿರದಂತೆ, ದಿವಾಳಿಯಾಗದಂತೆ ತನ್ನ ಸಂಸಾರ ನಡೆಸಬೇಕು. ಸಾಲ ವಸೂಲಿಗೆ ಕೋರ್ಟಿನ ಕ್ರಮ ಆರಂಭವಾದರೆ ಪೂರ್ತಿ ಸಂಗತಿಯನ್ನು ಕೂಡಲೇ ಸರ್ಕಾರಕ್ಕೆ ತಿಳಿಸಬೇಕು. ಅಲ್ಲಿಗೇ ಮುಗಿಯುವುದಿಲ್ಲ. ಮುನ್ನೋಟಕ್ಕೆ ಸಿಗದ, ಕೈಮೀರಿದ ಕಾರಣದಿಂದ ಸಾಲವಾಯಿತು, ದುಂದಿನಿಂದಲೋ ಕೆಟ್ಟ ಚಟದಿಂದಲೋ ಅಲ್ಲ ಎಂದು ತೋರಿಸಿಕೊಡುವ ಅವಕಾಶವನ್ನೂ ಅದೇ ನಿಯಮ ನೌಕರನಿಗೆ ಕೊಡುತ್ತದೆ. ಸಾಬೀತುಪಡಿಸುವ ಭಾರ ನೌಕರನದೇ, ನಿಜ. ಆದರೆ ಬಾಯಿ ಬಿಡಲು ಅವಕಾಶ ಇದೆ. ಅಂಕಿಯ ಮುಂದೆ ಬಾಯಿ ಬಿಡುವುದು ಹೇಗೆ?

ಇನ್ನು ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ನಮ್ಮ ಊರುಗಳಲ್ಲಿ ಗುಂಪುಸಾಲ, ಕಿರುಸಾಲ ಯಾರ ಹೆಸರಿನಲ್ಲಿ ಇರುತ್ತದೆ? ಹೆಂಗಸಿನ ಹೆಸರಿನಲ್ಲಿ. ಅವಳು ಮನೆ ಬಿಟ್ಟು ಓಡುವುದಿಲ್ಲ, ಮಾನಕ್ಕೆ ಅಂಜುತ್ತಾಳೆ, ಪಕ್ಕದವಳ ಮುಖ ನೋಡಿಯಾದರೂ ಕಟ್ಟುತ್ತಾಳೆ ಎಂಬ ಲೆಕ್ಕದ ಮೇಲೆಯೇ ಆ ವ್ಯವಹಾರ ನಿಂತಿರುವುದು. ಆ ದುಡ್ಡು ಹೋಗುವುದು ಎಲ್ಲಿಗೆ? ಗಂಡನ ಆಟೋಗೆ, ಮೈದುನನ ಅಂಗಡಿಗೆ, ಮಾವನ ಔಷಧಿಗೆ, ಕೆಲವು ಮನೆಗಳಲ್ಲಿ ಬಾಟಲಿಗೆ. ಅವನು ಕಂತು ಕೊಡಲಿಲ್ಲವೆಂದರೆ ಬಾಕಿದಾರ್ತಿ ಯಾರು? ಅವಳೇ. ಕಡತದಲ್ಲಿ ಹೆಸರು ಕೆಡುವುದು ಯಾರದು? ಅವಳದೇ. ಖರ್ಚು ಮಾಡಿದವನ ದಾಖಲೆ ಮಲ್ಲಿಗೆಯ ಹಾಗೆ ಶುಭ್ರ!

ವಾರ್ಷಿಕ ಆದಾಯ 3 ಲಕ್ಷದೊಳಗಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ, ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿತು. ಗಮನಿಸಿ: ಆದಾಯ ಲೆಕ್ಕ ಹಾಕುವಾಗ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಎಲ್ಲ ಸೇರಿ ಕುಟುಂಬ. ಕಳಂಕ ಹಚ್ಚುವಾಗ ಮಾತ್ರ ಸಹಿ ಹಾಕಿದ ಒಬ್ಬಳು. ಇದು ಯಾವ ನ್ಯಾಯ?

ಜಾಮೀನಿನ ಕಥೆಯೂ ಹೀಗೇ. ಶಾಲೆಯ ಟೀಚರಮ್ಮನಿಗೆ, ಆಸ್ಪತ್ರೆಯ ದಾದಿಗೆ ಸರ್ಕಾರದ ಸಂಬಳ ಬರುತ್ತದೆಂದು ಬಂಧುಗಳೆಲ್ಲ ಜಾಮೀನಿನ ಕಾಗದ ಹಿಡಿದು ಬರುತ್ತಾರೆ. ಇಲ್ಲ ಎಂದರೆ ಸೊಕ್ಕು ಎನ್ನುತ್ತಾರೆ. ಸಹಿ ಹಾಕಿದರೆ, ಸಾಲಗಾರ ತಪ್ಪಿಸಿದ ಬಾಕಿ ಇವಳ ವರದಿಯಲ್ಲೂ ಮೂಡಬಹುದು. ಒಂದು ರೂಪಾಯಿಯನ್ನೂ ಮುಟ್ಟದವಳು ನಂಬಿಕೆಗೆ ಅನರ್ಹಳಾಗುವುದು ಹೀಗೆ.

ನಮ್ಮ ರಾಮನಗರದ ಚರಿತ್ರೆಯನ್ನೇ ನೋಡಿ. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರುಗಳಲ್ಲಿ ಕಿರುಸಾಲದ ಕಂತು ಕಟ್ಟುವುದನ್ನು ಸಾವಿರಾರು ಹೆಂಗಸರು ಒಟ್ಟಿಗೆ ನಿಲ್ಲಿಸಿಬಿಟ್ಟರು. ಬಹುಪಾಲು ರೇಷ್ಮೆಯ ಊರುಗಳು ಅವು. ಅನೇಕರು ನೂಲು ಬಿಚ್ಚುವ, ಹುರಿ ಮಾಡುವ ಕೂಲಿಯ ಮೇಲೆ ಬದುಕುವ ಮುಸ್ಲಿಂ ಹೆಣ್ಣುಮಕ್ಕಳು. ಕಂಪನಿಗಳು ಪೈಪೋಟಿಗೆ ಬಿದ್ದು ಒಬ್ಬಳಿಗೇ ಮೂರು ನಾಲ್ಕು ಕಡೆಯಿಂದ ಸಾಲ ಕೊಟ್ಟಿದ್ದವು. ರೇಷ್ಮೆಯ ಕೆಲಸ ಕುಸಿದಾಗಲೂ ವಾರದ ಕಂತು ಕುಸಿಯಲಿಲ್ಲ. ಅಂಜುಮನ್ ಸಮಿತಿಗಳು ಇನ್ನು ಇವರ ಸಹವಾಸ ಬೇಡ ಎಂದವು. ಆ ನಿರ್ಧಾರ ಸರಿಯೋ ತಪ್ಪೋ ಎಂದು ವಾದ ಮಾಡಬಹುದು. ಒಂದಂತೂ ನಿಜ: ಒಂದೇ ವರ್ಷದಲ್ಲಿ ಊರಿನ ಸಾವಿರಾರು ಹೆಂಗಸರು ದಿಢೀರನೆ ನೀತಿಗೆಟ್ಟವರಾಗಲು ಸಾಧ್ಯವಿಲ್ಲ. ಹಿಂದಿನ ವರ್ಷದವರೆಗೂ ಅವರೇ ತಾನೇ ತಪ್ಪದೆ ಕಟ್ಟುವ ಮಾದರಿ ಸಾಲಗಾರ್ತಿಯರು ಎಂದು ಹೊಗಳಿಸಿಕೊಂಡವರು? ಬದಲಾದದ್ದು ಅವರ ಶೀಲವಲ್ಲ, ಪೇಟೆ.

ರೈತರದ್ದೂ ಇದೇ ಕಥೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಚೀನಾದ ನೂಲು ಅಗ್ಗವಾದರೆ ನಮ್ಮ ಗೂಡಿನ ಗತಿ ಏನಾಗುತ್ತದೆಂದು ತಿಳಿಯಲು ಅರ್ಥಶಾಸ್ತ್ರ ಓದಬೇಕಿಲ್ಲ. ದೆಹಲಿಯ ಒಂದು ಗೀಟಿನಿಂದ ಕನಕಪುರದ ಹೆಂಗಸಿನ ಕಂತು ತಪ್ಪಬಹುದು. ಆ ಗೀಟು ಎಳೆದವರ ನಂಬಿಕಸ್ಥತನಕ್ಕೆ ಯಾರೂ ಅಂಕಿ ಕೊಡುವುದಿಲ್ಲ.

2025ರ ಜನವರಿಯಲ್ಲಿ ಹಾವೇರಿಯ ಹೆಂಗಸರು ವಸೂಲಿಯವರ ಕಾಟ ತಾಳಲಾರದೆ ಮಾಂಗಲ್ಯವನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದ ಸುದ್ದಿ ನಿಮಗೆ ನೆನಪಿರಬಹುದು. ಅದರ ಬೆನ್ನಲ್ಲೇ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ. ಒಳ್ಳೆಯದೇ ಆಯಿತು. ಆದರೆ ಮನೆ ಮುಂದೆ ನಿಂತು ಕೂಗುವವನನ್ನು ಹಿಡಿಯಲು ಕಾನೂನು ಬಂತು; ಸದ್ದಿಲ್ಲದೆ ಕಡತದಲ್ಲಿ ಕೂತು ಅವಳ ಮುಂದಿನ ಬದುಕನ್ನು ತಡೆಯುವ ದಾಖಲೆಗೆ? ಸಾಲದ ಮಾಹಿತಿಯನ್ನು ಕನಿಷ್ಠ 7 ವರ್ಷ ಕಾಪಿಡಬೇಕೆಂದೇ ಕಾನೂನಿದೆ. ವಸೂಲಿಯವನು ಸಂಜೆಗೆ ಮನೆಗೆ ಹೋಗುತ್ತಾನೆ, ಈ ದಾಖಲೆ ಹೋಗುವುದಿಲ್ಲ.

ಹಾಗಾದರೆ ಸಾಲ ಕಟ್ಟಬೇಡಿ ಎನ್ನುತ್ತೀರಾ ಎಂದು ಕೆಲವರು ಹುಬ್ಬೇರಿಸುತ್ತಾರೆ. ಖಂಡಿತ ಇಲ್ಲ. ಕಟ್ಟಬೇಕು, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ತೋರಿಕೆಗೆ ಸಾಲ ಮಾಡಿ ಸೀರೆ, ಕಾರು ಕೊಂಡು, ಕೈಯಲ್ಲಿ ದುಡ್ಡಿದ್ದೂ ಕಟ್ಟದೆ ಸತಾಯಿಸುವ ಗಂಡಸರೂ ಹೆಂಗಸರೂ ನಮ್ಮಲ್ಲಿ ಇದ್ದಾರೆ. ಅಂಥವರ ಕೈಗೆ ಖಜಾನೆಯ ಬೀಗ ಕೊಡಬೇಡಿ, ನನಗೇನೂ ಬೇಸರವಿಲ್ಲ. ದುಡ್ಡಿಗಾಗಿ ದೇಶದ ಗುಟ್ಟು ಬಿಟ್ಟುಕೊಡುವವರು ಇರುವುದೂ ನಿಜ. ನಮ್ಮ ಕಾರವಾರದ ನೌಕಾನೆಲೆಯ ಮಾಹಿತಿ ಸೋರಿಸಿದ ಆರೋಪದ ಮೇಲೆ 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ದಳ ಬಂಧನಗಳನ್ನು ಮಾಡಿದ್ದನ್ನು ಓದಿದ್ದೇವೆ. ಎಚ್ಚರಿಕೆ ಬೇಕು. ಆದರೆ ಎಚ್ಚರಿಕೆ ಎಂದರೆ ವಿಚಾರಣೆ. ಕಣ್ಣು ಮುಚ್ಚಿ ಅಂಕಿ ನೋಡುವುದಲ್ಲ. ತಾಯಿಯ ಡಯಾಲಿಸಿಸ್ಸಿಗೆ ಸಾಲ ಮಾಡಿ ಆರು ಕಂತು ತಪ್ಪಿಸಿದವಳನ್ನೂ, ಜೂಜಿಗೆ ಸಾಲ ಮಾಡಿ ಆರು ಕಂತು ತಪ್ಪಿಸಿದವನನ್ನೂ ಒಂದೇ ತಕ್ಕಡಿಯಲ್ಲಿಟ್ಟು ಒಂದೇ ತೂಕ ತೋರಿಸುವ ಯಂತ್ರವನ್ನು ಶೀಲಪರೀಕ್ಷೆ ಎಂದು ಕರೆಯಬೇಡಿ ಎಂದಷ್ಟೇ ನಾನು ಹೇಳುವುದು.

ಒಂದು ಹೋಲಿಕೆ ಕೊಡುತ್ತೇನೆ. ಸರ್ಕಾರಿ ಕೆಲಸಕ್ಕೆ ಆಯ್ಕೆಯಾದವರು ಪೂರ್ವಾಪರ ಪರಿಶೀಲನೆಯ ಅರ್ಜಿ ತುಂಬಬೇಕು: ಬಂಧನವಾಗಿದೆಯೇ, ಮೊಕದ್ದಮೆ ಇದೆಯೇ, ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆಗಳು. ಮೊಕದ್ದಮೆಯನ್ನು ಮುಚ್ಚಿಟ್ಟವರ ಗತಿ ಏನು ಎಂಬ ಪ್ರಶ್ನೆ ಬಂದಾಗ ಸುಪ್ರೀಂ ಕೋರ್ಟು 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ, ಕಣ್ಣು ಮುಚ್ಚಿ ಕೆಲಸದಿಂದ ತೆಗೆಯಬಾರದು. ಅಪರಾಧ ಎಂಥದು, ವಯಸ್ಸು ಎಷ್ಟಿತ್ತು, ಕೆಲಸ ಯಾವುದು ಎಂದೆಲ್ಲ ನೋಡಬೇಕು ಎಂದು ಹೇಳಿತು. ಹರೆಯದಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣಕ್ಕೆ ಬದುಕನ್ನೇ ಕಸಿಯಬಾರದೆಂಬುದು ಅದರ ಆಶಯ. ಪೊಲೀಸ್ ಮೊಕದ್ದಮೆ ಇದ್ದವನಿಗೆ ಇಷ್ಟು ವಿಚಾರಣೆಯ ಹಕ್ಕು ಇರುವಾಗ, ಆಸ್ಪತ್ರೆಯ ಬಿಲ್ಲಿಗೆ ಸೋತವಳಿಗೆ ಯಾಕಿಲ್ಲ? ಸಾಲ ಅಪರಾಧಕ್ಕಿಂತ ದೊಡ್ಡದೇ?

ಬೇರೆ ದಾರಿ ಇಲ್ಲವೆಂದೇನಿಲ್ಲ. ಹಲವು ಸರ್ಕಾರಿ ಬ್ಯಾಂಕುಗಳಿಗೆ ಒಟ್ಟಾಗಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ನಿಯಮದಲ್ಲಿ, ಕೆಲಸಕ್ಕೆ ಸೇರುವ ಮೊದಲು ದಾಖಲೆಯನ್ನು ಸರಿಪಡಿಸಿಕೊಳ್ಳಲು, ಇಲ್ಲವೇ ಸಾಲ ಕೊಟ್ಟವರಿಂದ ಬಾಕಿ ಇಲ್ಲವೆಂಬ ಪತ್ರ ತರಲು ಅವಕಾಶ ಇದೆ. ವಿದ್ಯಾರ್ಥಿಯ ಸಿಬಿಲ್ ಅಂಕಿ ಕಡಿಮೆ ಎಂದು ಶಿಕ್ಷಣ ಸಾಲ ನಿರಾಕರಿಸುವುದು ಸರಿಯಲ್ಲ, ಓದುವ ಮಕ್ಕಳ ಬಗ್ಗೆ ಬ್ಯಾಂಕುಗಳು ಮಾನವೀಯವಾಗಿ ನೋಡಬೇಕು ಎಂದು ಕೇರಳ ಹೈಕೋರ್ಟು 2023ರಲ್ಲಿ ಹೇಳಿತು. ಮನಸ್ಸಿದ್ದರೆ ಮಾರ್ಗ ಇದೆ. ಕೆಲಸ ಕೊಡುವ ಪ್ರತಿಯೊಂದು ಕಚೇರಿಯೂ ತಿರಸ್ಕರಿಸುವ ಮೊದಲು ಮೂರು ಪ್ರಶ್ನೆ ಕೇಳಲಿ: ಸಾಲ ಯಾಕಾಯಿತು? ಅದನ್ನು ಬಳಸಿದವರು ಯಾರು? ತೀರಿಸಲು ಏನು ಮಾಡಿದಿರಿ? ಉತ್ತರವನ್ನು ಬರಹದಲ್ಲಿ ಪಡೆಯಲಿ, ತಿರಸ್ಕರಿಸಿದರೆ ಕಾರಣವನ್ನೂ ಬರಹದಲ್ಲಿ ಕೊಡಲಿ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಒಂದು ಕುರ್ಚಿ, ಒಂದು ಕಾಗದ, ಸ್ವಲ್ಪ ವ್ಯವಧಾನ ಸಾಕು.

ಅವರು ಕೇಳುವವರೆಗೆ ನಾವೂ ಸುಮ್ಮನೆ ಕೂರುವಂತಿಲ್ಲ. ನಮ್ಮ ದೇಶದಲ್ಲಿ ಸಿಬಿಲ್ ಸೇರಿ ಇಂಥ ನಾಲ್ಕು ಸಂಸ್ಥೆಗಳಿವೆ. ವರ್ಷಕ್ಕೊಮ್ಮೆ ಪ್ರತಿಯೊಂದೂ ನಿಮ್ಮ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಯುಗಾದಿಗೆ ಮನೆ ಗುಡಿಸಿ ಸಾರಿಸುವ ಹಾಗೆ ವರ್ಷಕ್ಕೊಮ್ಮೆ ಇದನ್ನೂ ತರಿಸಿ ನೋಡಿ. ಮಗಳಿಗೋ ಸೊಸೆಗೋ ಹೇಳಿದರೆ ಫೋನಿನಲ್ಲೇ ತೆಗೆದುಕೊಡುತ್ತಾರೆ. ನಿಮ್ಮದಲ್ಲದ ಸಾಲ, ತೀರಿಸಿಯೂ ಬಾಕಿ ಎಂದಿರುವ ಸಾಲ ಕಂಡರೆ ಬರಹದಲ್ಲಿ ದೂರು ಕೊಡಿ. 30 ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಇದೆ. ಅದಕ್ಕೂ ಬಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು. ಸಾಲ ಮುಗಿಸುವಾಗ ಇನ್ನೊಂದು ಎಚ್ಚರ. ಇಷ್ಟು ಕಟ್ಟಿಬಿಡಿ, ಉಳಿದದ್ದು ಮಾಫಿ ಎಂದು ರಾಜಿ ಮಾಡಿಕೊಂಡರೆ ದಾಖಲೆಯಲ್ಲಿ 'ಸೆಟಲ್ಡ್' ಎಂದು ಬರುತ್ತದೆ, ಅದು ಕಪ್ಪುಚುಕ್ಕೆಯೇ. ಪೂರ್ತಿ ಕಟ್ಟಿದರೆ 'ಕ್ಲೋಸ್ಡ್'. ಈ ಎರಡು ಪದಗಳ ನಡುವಿನ ಅಂತರ ನಾಳೆ ಮಗಳ ಕೆಲಸದ ಅಂತರವಾಗಬಹುದು. ಬಾಕಿ ಇಲ್ಲವೆಂಬ ಪತ್ರವನ್ನು ಕೈಗೆ ತೆಗೆದುಕೊಳ್ಳದೆ ಕೊನೆಯ ಕಂತಿನ ಕೌಂಟರಿನಿಂದ ಕದಲಬೇಡಿ.

ಎಲ್ಲಕ್ಕಿಂತ ಮೊದಲು, ಮನೆಯ ಸಾಲಕ್ಕೆ ನಿಮ್ಮ ಹೆಸರೇ ಯಾಕೆ ಎಂದು ಕೇಳಿ. ಬಳಸುವವನು ಸಹಿ ಹಾಕಲಿ. ಇಲ್ಲ, ನೀವೇ ಹಾಕಬೇಕೆಂದರೆ ಲೆಕ್ಕದ ಪುಸ್ತಕ ನಿಮ್ಮ ಕೈಯಲ್ಲಿರಲಿ, ಕಂತಿನ ದುಡ್ಡು ಸಂಬಳದ ದಿನವೇ ನಿಮ್ಮ ಸೆರಗಿನ ಗಂಟಿಗೆ ಬರಲಿ. ಅಷ್ಟು ಕೇಳಿದ್ದಕ್ಕೆ ಗಂಡಸಿಗೆ ಸಿಟ್ಟು ಬರುತ್ತದೆಯೇ? ಬರಲಿ ಬಿಡಿ. ಸಿಟ್ಟು ಎರಡು ದಿನದ್ದು, ಕಡತ ಏಳು ವರ್ಷದ್ದು.

ಇನ್ನು ಪಿಸುದನಿಯ ಮಾತು. ಪಕ್ಕದ ಮನೆಯವಳು ಕಂತು ತಪ್ಪಿಸಿದಳೆಂದು ತಿಳಿದಾಗ ನಾವು ಏನು ಮಾಡುತ್ತೇವೆ ಎಂಬುದರ ಮೇಲೂ ಇದೆಲ್ಲ ನಿಂತಿದೆ. ಅವಳನ್ನು ಅರಿಸಿನ ಕುಂಕುಮಕ್ಕೆ ಕರೆಯುವುದನ್ನು ಬಿಟ್ಟರೆ, ಆ ಅಂಕಿ ಕೊಡುವ ಯಂತ್ರಕ್ಕೂ ನಮಗೂ ವ್ಯತ್ಯಾಸವೇನು ಉಳಿಯಿತು? ಕರೆಯಿರಿ, ಕೂರಿಸಿ, ಯಾಕಾಯಿತು ಎಂದು ಕೇಳಿ. ಸರ್ಕಾರಿ ಕಚೇರಿಗಳಿಂದ ನಾವು ನಿರೀಕ್ಷಿಸುತ್ತಿರುವ ಪ್ರಶ್ನೆ ಅದೇ ತಾನೇ?